ಹಳಿ ಕಿತ್ತ ದಾರಿ

ಇಟಲಿಯ ಈಶಾನ್ಯ ಮೂಲೆಯಲ್ಲಿ, ಆಸ್ಟ್ರಿಯ ಮತ್ತು ಸ್ಲೊವೇನಿಯ ದೇಶಗಳ ಗಡಿಗಳು ಬಂದು ಕೂಡುವ ಎಡೆಯಲ್ಲಿ, ತಾರ್ವೀಸಿಯೊ ಎಂಬ ಬೆಟ್ಟದೂರೊಂದಿದೆ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ಸಾಗಿದರೆ ಕಂಪೊರೊಸ್ಸೊ ಎಂಬ ತಿಟ್ಟು ಸಿಕ್ಕುತ್ತದೆ. ಸಮುದ್ರಮಟ್ಟದಿಂದ ಅದರ ಎತ್ತರ 816 ಮೀಟರು. ಆಲ್ಪ್ಸ್ ಪರ್ವತಗಳ ಲೆಕ್ಕದಲ್ಲಿ ಇದೊಂದು ಎತ್ತರವೇ ಅಲ್ಲ. ಸುತ್ತಲೂ ಹುಲ್ಲುಗಾವಲು, ಅದರಾಚೆ ಕಪ್ಪಗೆ ಕವಿದ ಸೂಚಿಪರ್ಣದ ಕಾಡು. ಗಮನಿಸದೆ ದಾಟಿಹೋಗಬಹುದಾದ ಸ್ಥಳ. ಆದರೆ ಈ ತಿಟ್ಟಿನ ಮೇಲೆ ಬಿದ್ದ ಮಳೆಹನಿಗೆ ಎರಡು ಗತಿಗಳುಂಟು. ಪೂರ್ವಕ್ಕೆ ಜಾರಿದ ಹನಿ ದ್ರಾವ ನದಿಯನ್ನು ಸೇರಿ, ಡ್ಯಾನ್ಯೂಬಿನ ಜೊತೆಗೂಡಿ, ಹಲವು ದೇಶಗಳನ್ನು ಹಾದು ಕಪ್ಪು ಸಮುದ್ರವನ್ನು ಮುಟ್ಟುತ್ತದೆ. ಪಶ್ಚಿಮಕ್ಕೆ ಜಾರಿದ್ದು ಫೆಲ್ಲ ಎಂಬ ಹೊಳೆಯಾಗಿ ಹರಿದು, ತಲ್ಯಮೆಂತೊ ನದಿಯಲ್ಲಿ ಬೆರೆತು ಏಡ್ರಿಯಾಟಿಕ್ ಸಮುದ್ರದ ಪಾಲಾಗುತ್ತದೆ. ಸೈಕಲ್ಲಿನ ಸವಾರ ಅನುಸರಿಸುವುದು ಈ ಎರಡನೆಯ ಹನಿಯ ಹಾದಿಯನ್ನು.

ಆಸ್ಟ್ರಿಯದ ಸಾಲ್ಸ್‌ಬರ್ಗ್ ನಗರದಿಂದ ಇಟಲಿಯ ಗ್ರಾದೊ ಎಂಬ ಕಡಲೂರಿನವರೆಗೆ 400 ಕಿಲೋಮೀಟರಿಗೂ ಮಿಕ್ಕು ಉದ್ದವಾದ ಸೈಕಲ್ ಮಾರ್ಗವೊಂದಿದೆ. ಆಲ್ಪೆ ಆಡ್ರಿಯ ಎಂಬುದು ಅದರ ಹೆಸರು. ಬೆಟ್ಟದಿಂದ ಕಡಲಿಗೆ ಎಂಬುದೇ ಆ ಹೆಸರಿನ ಇಂಗಿತ. ಆಲ್ಪ್ಸ್ ಪರ್ವತಗಳ ಬೆನ್ನನ್ನು ಸೈಕಲ್ ತುಳಿದು ದಾಟಬೇಕಾದ ಕಷ್ಟವೂ ಇಲ್ಲಿಲ್ಲ. ತೌಎರ್ನ್ ಎಂಬ ಪರ್ವತಶ್ರೇಣಿಯ ಬುಡದಲ್ಲಿ ಸೈಕಲ್ಲನ್ನೂ ಸವಾರನನ್ನೂ ರೈಲಿಗೆ ಹತ್ತಿಸಿ, 1909ರಲ್ಲಿ ತೆರೆದ ಎಂಟೂವರೆ ಕಿಲೋಮೀಟರಿನಷ್ಟು ಉದ್ದದ ಸುರಂಗದ ಮೂಲಕ ಆಚೆಗೆ ಇಳಿಸುತ್ತಾರೆ. ಶುದ್ಧಾಂಗ ಸಾಹಸಿಗಳು ಇದಕ್ಕೆ ಮೂಗು ಮುರಿಯಬಹುದು; ಉಳಿದವರಿಗೆ ಇದು ಮೋಕ್ಷದ್ವಾರ.

ಇಡೀ ಮಾರ್ಗದಲ್ಲಿ ಮನಸ್ಸಿನಲ್ಲಿ ನಿಲ್ಲುವ ಭಾಗ ಮಾತ್ರ ತಾರ್ವೀಸಿಯೊದಿಂದ ಕೆಳಕ್ಕೆ, ಫೆಲ್ಲ ಹೊಳೆಯ ಕಣಿವೆಯಲ್ಲಿದೆ. ಇಲ್ಲಿ ಸೈಕಲ್ಲಿಗಾಗಿ ಯಾರೂ ಹೊಸದಾಗಿ ಬೆಟ್ಟ ಕಡಿಯಲಿಲ್ಲ. 1879ರಲ್ಲಿ ಊದಿನೆ ನಗರದಿಂದ ಪೊಂತೆಬ್ಬದವರೆಗೆ ಪೂರ್ಣಗೊಂಡು, ಅಲ್ಲಿ ಆಸ್ಟ್ರಿಯದ ಹಳಿಗಳನ್ನು ಕೂಡಿಕೊಂಡ ರೈಲುಮಾರ್ಗ ಈ ಕಣಿವೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಅನಂತರ ಬೆಟ್ಟದ ಹೊಟ್ಟೆಯೊಳಗೇ ಉದ್ದುದ್ದ ಸುರಂಗಗಳನ್ನು ಕೊರೆದು ಜೋಡಿಹಳಿಯ ಹೊಸ ಮಾರ್ಗವನ್ನು ಹಾಕಿದರು. 2000ದ ಹೊತ್ತಿಗೆ ಹಳೆಯ ಮಾರ್ಗ ಪೂರ್ತಿ ಅನಾಥವಾಯಿತು. ಹಳಿಗಳನ್ನು ಕಿತ್ತರು, ಸೇತುವೆಗಳು, ಸುರಂಗಗಳು, ನಿಲ್ದಾಣಗಳು ಹಾಗೆಯೇ ಉಳಿದವು. ಅವುಗಳ ಮೇಲೆ ಡಾಂಬರು ಹರಡಿ ಸೈಕಲ್ಲುಗಳಿಗೆ ಬಿಟ್ಟುಕೊಟ್ಟರು.

ರೈಲಿನ ದಾರಿಗೆ ಒಂದು ಗುಣವಿದೆ: ಕಡಿದಾದ ಏರನ್ನು ಅದು ಸಹಿಸದು. ಉಗಿಬಂಡಿಯ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರದಂತಿರಬೇಕಾದರೆ ಇಳಿಜಾರು ಮೆತ್ತಗಿರಬೇಕು, ತಿರುವು ಅಗಲವಾಗಿರಬೇಕು. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರು ಬಂಡಿಗಾಗಿ ಮಾಡಿದ ಈ ಲೆಕ್ಕವೆಲ್ಲ ಇಂದು ಮಂಡಿನೋವಿನ ಮಧ್ಯವಯಸ್ಕನಿಗೆ ವರವಾಗಿದೆ. ಕಂಪೊರೊಸ್ಸೊದಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ವೆನ್ಸೋನೆಯ ತನಕ ಇಳಿಯುವುದು ಸುಮಾರು ಆರುನೂರು ಮೀಟರು ಮಾತ್ರ. ನೂರು ಹೆಜ್ಜೆಗೆ ಒಂದು ಹೆಜ್ಜೆಯ ಇಳಿತ. ತುಳಿಯಬೇಕೆನಿಸಿದರೆ ತುಳಿಯಬಹುದು, ಬೇಡವೆನಿಸಿದರೆ ಸೈಕಲ್ಲು ತಾನಾಗಿಯೇ ಹೊಳೆಯ ಜೊತೆಗೆ ಮಾತಾಡುತ್ತ ಹೋಗುತ್ತದೆ.

ಹೀಗೆಂದು ಇಲ್ಲಿ ಅವಸರದ ಸವಾರರೇ ಬಂದಿಲ್ಲವೆಂದಲ್ಲ. 2023ರ ಮೇ ತಿಂಗಳಲ್ಲಿ ಇಟಲಿಯ ಮಹಾ ಸೈಕಲ್ ಪಂದ್ಯವಾದ ಜೀರೊ ದಿತಾಲಿಯದ ನಿರ್ಣಾಯಕ ಸುತ್ತು ತಾರ್ವೀಸಿಯೊದಿಂದ ಹೊರಟು, ಲುಸ್ಸಾರಿ ಬೆಟ್ಟದ ನೆತ್ತಿಯ ಮೇಲೆ ಮುಗಿಯಿತು. ಆ ನೆತ್ತಿಯಲ್ಲಿ ಜರ್ಮನ್, ಸ್ಲಾವ್, ಇಟಾಲಿಯನ್ ಮೂರು ಜನಾಂಗದವರೂ ಹರಕೆ ಹೊತ್ತು ಹತ್ತಿಬರುವ ಪುರಾತನ ದೇವಾಲಯವಿದೆ. ಅಂದು ಸ್ಲೊವೇನಿಯದ ಪ್ರಿಮೋಜ್ ರೊಗ್ಲಿಚ್ ಕಡಿದಾದ ಏರಿನ ನಡುವೆ ಸೈಕಲ್ಲಿನ ಚೈನು ಕಳಚಿ ಬೀದಿಯಲ್ಲಿ ನಿಲ್ಲಬೇಕಾಯಿತು. ಅವನನ್ನು ಹಿಂದಿನಿಂದ ತಳ್ಳಿ ಹೊರಡಿಸಿದ ಪ್ರೇಕ್ಷಕ ಒಂದು ಕಾಲದಲ್ಲಿ ಅವನ ಜೊತೆಗೇ ಹಿಮಜಿಗಿತದ ಆಟದಲ್ಲಿದ್ದ ಹಳೆಯ ಸಂಗಾತಿಯಂತೆ! ರೊಗ್ಲಿಚ್ ಆ ಸುತ್ತನ್ನೂ ಗೆದ್ದ, ಕೇವಲ 14 ಸೆಕೆಂಡುಗಳ ಅಂತರದಿಂದ ಇಡೀ ಪಂದ್ಯವನ್ನೂ ಗೆದ್ದ. ಕತೆಗಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತೆಂದು ಸಂಪಾದಕರು ಹಿಂದಿರುಗಿಸುತ್ತಿದ್ದರು.

ಲುಸ್ಸಾರಿಯನ್ನು ಎಡಕ್ಕೆ ಬಿಟ್ಟು ದಾರಿ ಕೆಳಗಿಳಿಯುತ್ತದೆ. ಮಲ್ಬೊರ್ಗೆತ್ತೊ ಎಂಬ ಊರಿನ ಬಳಿ 1809ರಲ್ಲಿ ನೆಪೋಲಿಯನ್ನನ ಸೈನ್ಯವನ್ನು ತಡೆದು ನಿಂತು ಮಡಿದ ಹೆನ್ಸೆಲ್ ಎಂಬ ಆಸ್ಟ್ರಿಯದ ದಳಪತಿಯ ಸ್ಮಾರಕವಿದೆ. ಕಣಿವೆ ಕಿರಿದಾದಷ್ಟೂ ಅದರಲ್ಲಿ ಹಾಯಲು ಬಯಸುವ ಸೈನ್ಯಗಳು ಹೆಚ್ಚು. ಇಲ್ಲಿಯ ಜನ ಒಂದೇ ಊರಿನಲ್ಲಿ ನಾಲ್ಕು ನುಡಿಗಳನ್ನು ಕೇಳುತ್ತ ಬೆಳೆದವರು: ಇಟಾಲಿಯನ್, ಫ್ರಿಯೂಲಿಯನ್, ಜರ್ಮನ್, ಸ್ಲೊವೀನ್. 1939ರಲ್ಲಿ ಹಿಟ್ಲರನೂ ಮುಸ್ಸೊಲಿನಿಯೂ ಕೂಡಿ ಮಾಡಿಕೊಂಡ ಒಪ್ಪಂದದಂತೆ, ಊರೋ ನುಡಿಯೋ ಒಂದನ್ನು ಆರಿಸಿಕೊಳ್ಳಿರೆಂದು ಜರ್ಮನ್ ಮಾತಿನವರಿಗೆ ಹೇಳಲಾಯಿತು. ಹಲವು ಮನೆಗಳು ಬರಿದಾದವು.

ಪೊಂತೆಬ್ಬದಲ್ಲಿ ಹೊಳೆ ದಕ್ಷಿಣಕ್ಕೆ ಹೊರಳುತ್ತದೆ. ಮೊದಲನೆಯ ಮಹಾಯುದ್ಧ ಮುಗಿಯುವ ತನಕ ಈ ಊರು ಎರಡು ರಾಜ್ಯಗಳ ನಡುವೆ ಹಂಚಿಹೋಗಿತ್ತು. ನಡುವೆ ಹರಿಯುವ ಚಿಕ್ಕ ತೊರೆಯೇ ಗಡಿ. ಈಚೆ ಇಟಲಿಯ ಪೊಂತೆಬ್ಬ, ಆಚೆ ಆಸ್ಟ್ರಿಯದ ಪೊಂಟಾಫೆಲ್. ಗಡಿ ಉತ್ತರಕ್ಕೆ ಸರಿದ ಮೇಲೂ ಕಣಿವೆಗೆ ಅನ್ನ ಕೊಟ್ಟದ್ದು ಗಡಿಯೇ. ಸುಂಕದ ಕಟ್ಟೆ, ರೈಲಿನ ಕೆಲಸ, ಸೈನಿಕರ ಪಾಳೆಯ, ಅವರೆಲ್ಲರನ್ನು ನಂಬಿದ ಹೋಟೆಲು ಅಂಗಡಿಗಳು. 1995ರಲ್ಲಿ ಆಸ್ಟ್ರಿಯ ಐರೋಪ್ಯ ಒಕ್ಕೂಟವನ್ನು ಸೇರಿದಾಗ ಸುಂಕದ ಕಟ್ಟೆ ಹೋಯಿತು. ರೈಲು ಸುರಂಗದೊಳಕ್ಕೆ ಹೋಯಿತು. ಪಾಳೆಯಗಳು ಮುಚ್ಚಿದವು. ಯೂರೋಪಿನಲ್ಲಿ ಗಡಿಗಳು ಅಳಿದುದನ್ನು ಲೋಕವೆಲ್ಲ ಕೊಂಡಾಡಿತು, ಅದು ಸರಿಯೇ. ಆದರೆ ಗಡಿಯನ್ನು ಕಾಯುವುದೇ ಕಸುಬಾಗಿದ್ದ ಕಣಿವೆಯ ಮನೆಮನೆಯಲ್ಲಿ ಆ ಸಂಭ್ರಮಕ್ಕೆ ಬೇರೊಂದು ಮುಖವಿತ್ತು. ಸಾಲದೆಂಬಂತೆ 2003ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ಬೆಟ್ಟಗಳು ಕರಗಿ, ಕಲ್ಲುಕೆಸರು ಈ ಊರುಗಳ ಮೇಲೆ ನುಗ್ಗಿತು.

ಇಲ್ಲಿಂದ ಮುಂದಿನದು ದಾರಿಯ ಅತ್ಯಂತ ರಮ್ಯವಾದ ಭಾಗ. ಕಣಿವೆ ಎಷ್ಟು ಇಕ್ಕಟ್ಟೆಂದರೆ ಹೊಳೆ, ಹಳೆಯ ಹೆದ್ದಾರಿ, ಕಂಬಗಳ ಮೇಲೆ ನಿಂತ ಮೋಟಾರು ಮಹಾಮಾರ್ಗ ಮತ್ತು ಸೈಕಲ್ ದಾರಿ ಒಂದನ್ನೊಂದು ತಳ್ಳಿಕೊಂಡು ನಡೆಯುತ್ತವೆ. ಲಾರಿಗಳ ಮೊರೆತ ಮೇಲೆಲ್ಲಿಂದಲೋ ಕೇಳಿಸುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕಬ್ಬಿಣದ ಹಳೆಯ ಸೇತುವೆಯ ಮೇಲೆ ಬಂದು ನಿಂತರೆ ಕೆಳಗೆ ಬಿಳಿಗಲ್ಲಿನ ಹಾಸಿನ ನಡುವೆ ಹಸುರು ಬೆರೆತ ನೀಲಿನೀರು. ಸೇತುವೆ ಮುಗಿಯಿತೆನ್ನುವಷ್ಟರಲ್ಲಿ ಸುರಂಗ. ಹೊರಗೆ ಬೇಸಗೆಯ ಧಗೆಯಿದ್ದರೂ ಒಳಗೆ ಮೈ ನಡುಗುವ ತಂಪು, ದೀಪಗಳ ಸಾಲು, ತೊಟ್ಟಿಕ್ಕುವ ನೀರಿನ ಸದ್ದು. ಅದರಿಂದ ಹೊರಬಿದ್ದರೆ ಮತ್ತೆ ಬಿಸಿಲು, ಮತ್ತೆ ಸೇತುವೆ. ದೊನ್ಯ ಎಂಬ ಹಳ್ಳಿಯ ಬಳಿ ತಲೆಯೆತ್ತಿದರೆ 2,750 ಮೀಟರನ್ನು ಮೀರಿದ ಮೊಂತಾಸಿಯೊ ಶಿಖರ ಪಕ್ಕದ ಕಣಿವೆಯ ಕೊನೆಯಲ್ಲಿ ಗೋಡೆಯಂತೆ ನಿಂತಿದೆ. ಟ್ರಿಯೆಸ್ಟೆಯ ಪರ್ವತಾರೋಹಿ ಯೂಲಿಯುಸ್ ಕೂಗಿ ತನ್ನ ಬಾಳಿನ ಉತ್ತಮ ವರ್ಷಗಳನ್ನು ಈ ಶಿಖರಗಳಿಗೇ ಅರ್ಪಿಸಿದನು. ಅಷ್ಟೆತ್ತರದ ಶಿಖರದ ಅಡಿಯಲ್ಲಿರುವ ದೊನ್ಯದಲ್ಲಿ ಇಂದು ಇನ್ನೂರು ಜನರೂ ಇಲ್ಲ.

ಕ್ಯೂಸಫೋರ್ತೆಯಲ್ಲಿ ಹೆಚ್ಚಿನ ಸವಾರರು ಇಳಿಯುತ್ತಾರೆ. ಇಲ್ಲಿಯ ಹಳೆಯ ರೈಲುನಿಲ್ದಾಣ ಈಗ ಉಪಾಹಾರಗೃಹ. ಒಂದು ಕಾಲದಲ್ಲಿ ಪ್ರಯಾಣಿಕರು ಗಂಟುಮೂಟೆ ಹಿಡಿದು ಕಾದು ನಿಂತಿದ್ದ ಜಗಲಿಯ ಮೇಲೆ ಮೇಜು ಕುರ್ಚಿಗಳು. ಹಳಿಗಳಿದ್ದ ಜಾಗದಲ್ಲಿ ಸೈಕಲ್ಲುಗಳ ಸಾಲು. ಬೆವರು ಒರೆಸಿಕೊಳ್ಳುತ್ತ ಬಂದ ಜರ್ಮನ್ ದಂಪತಿಗಳು, ಎಳೆಯ ಮಗುವನ್ನು ಹಿಂಬದಿಯ ಗಾಡಿಯಲ್ಲಿ ಕೂರಿಸಿಕೊಂಡು ಬಂದ ತಾಯಿತಂದೆಗಳು, ಎಪ್ಪತ್ತು ದಾಟಿದ ಅಜ್ಜಂದಿರು ಕಾಫಿ ಕುಡಿಯುತ್ತ ಬಾರದ ರೈಲಿಗಾಗಿ ಕಾದವರಂತೆ ಕುಳಿತಿರುತ್ತಾರೆ. ಊರೊಳಗೆ ಹೊಕ್ಕು ನೋಡಿದರೆ ಮುಚ್ಚಿದ ಕಿಟಕಿಗಳು ಕಾಣುತ್ತವೆ. ಕಾಫಿಯ ಕಾಸಿನಿಂದ ಒಂದು ಊರು ಬದುಕೀತೆ? ಪೂರ್ತಿ ಬದುಕಲಾರದು. ಚಳಿಗಾಲ ಬಂದರೆ ಸವಾರರೂ ಇಲ್ಲ, ಕಾಸೂ ಇಲ್ಲ. ಆದರೂ ಬೇಸಗೆಯಲ್ಲಿ ಆ ಜಗಲಿಯ ಮೇಲೆ ಕೇಳಿಬರುವ ಗದ್ದಲ ಸುತ್ತಲ ಮೌನವನ್ನು ಬಲ್ಲವರ ಕಿವಿಗೆ ಸಣ್ಣದಲ್ಲ.

ಸೈಕಲ್ಲಿಗೂ ಈ ಬೆಟ್ಟಗಳಿಗೂ ಇದಕ್ಕಿಂತ ಹಳೆಯದಾದ ನಂಟೊಂದಿದೆ. ಅದನ್ನು ತಿಳಿಯಲು ದಾರಿ ಬಿಟ್ಟು ಎಡಕ್ಕೆ ಹೊರಳಬೇಕು. ರೆಸ್ಯೂತ್ತ ಎಂಬಲ್ಲಿ ಪೂರ್ವದಿಂದ ರೆಸಿಯ ಕಣಿವೆ ಬಂದು ಸೇರುತ್ತದೆ. ಅಲ್ಲಿಯವರದು ಪುರಾತನ ಸ್ಲಾವ್ ನುಡಿ. ಹೊಲ ಸಾಲದ ಆ ಕಣಿವೆಯ ಗಂಡಸರು ಕತ್ತಿ ಕತ್ತರಿಗಳಿಗೆ ಸಾಣೆ ಹಿಡಿಯುವ ಕಸುಬನ್ನು ಕಲಿತು ಊರೂರು ಅಲೆದರು. ಮೊದಲು ಸಾಣೆಚಕ್ರವನ್ನು ಹೊತ್ತು ತಿರುಗಿದರು. ಅನಂತರ ಸೈಕಲ್ ಬಂತು. ಸೈಕಲ್ಲನ್ನು ನಿಲ್ಲಿಸಿ, ಸರಪಣಿಯನ್ನು ಸಾಣೆಕಲ್ಲಿಗೆ ತಗುಲಿಸಿ, ನಿಂತಲ್ಲೇ ತುಳಿದರೆ ಕಲ್ಲು ತಿರುಗುತ್ತದೆ. ಒಂದೇ ವಾಹನ, ಒಂದೇ ಕಾರ್ಖಾನೆ! ಸ್ತೊಲ್ವೀತ್ಸ ಎಂಬ ಹಳ್ಳಿಯಲ್ಲಿ ಈ ಸಾಣೆಗಾರರದೇ ಒಂದು ಚಿಕ್ಕ ವಸ್ತುಸಂಗ್ರಹಾಲಯವಿದೆ. ಅಂದು ಸೈಕಲ್ ಏರಿ ಬೆಟ್ಟದವರು ಹೊಟ್ಟೆಪಾಡಿಗಾಗಿ ಕೆಳಗಿಳಿದರು. ಇಂದು ಬಯಲಿನವರು ಹೊಟ್ಟೆ ಕರಗಿಸಿಕೊಳ್ಳಲು ಸೈಕಲ್ ಏರಿ ಬೆಟ್ಟಕ್ಕೆ ಬರುತ್ತಿದ್ದಾರೆ.

ರೆಸ್ಯೂತ್ತದ ಕೆಳಗೆ ಬಹುಕಾಲ ಸೈಕಲ್ ದಾರಿ ತುಂಡಾಗಿತ್ತು. ನಿಶ್ಚಿಂತೆಯಿಂದ ಇಳಿದು ಬಂದವರು ತಟ್ಟನೆ ಲಾರಿಗಳ ನಡುವೆ ಹೆದ್ದಾರಿಗೆ ಬೀಳಬೇಕಾಗಿ ಬರುತ್ತಿದ್ದುದು ಸವಾರರೆಲ್ಲರ ದೂರು. ಎರಡು ಗಂಟೆ ಹಕ್ಕಿಯ ದನಿ ಕೇಳಿದ ಕಿವಿಗೆ ಒಂದು ಲಾರಿಯ ಕಹಳೆ ಎಷ್ಟು ಕರ್ಕಶವೆಂಬುದನ್ನು ಹೇಳಬೇಕಾಗಿಲ್ಲ. ಫೆಲ್ಲ ತಲ್ಯಮೆಂತೊ ನದಿಯನ್ನು ಕೂಡುವುದೂ ಈ ಸುತ್ತಿನಲ್ಲಿಯೇ. ಕಟ್ಟೆಗಳ ಕಟ್ಟಿಗೆ ಸಿಕ್ಕದೆ, ವಿಶಾಲವಾದ ಜಲ್ಲಿಯ ಹಾಸಿನಲ್ಲಿ ಜಡೆಯಂತೆ ಕವಲೊಡೆದು ಹೆಣೆದುಕೊಂಡು ಹರಿಯುವ ಇಂಥ ದೊಡ್ಡ ನದಿ ಆಲ್ಪ್ಸ್ ಸೀಮೆಯಲ್ಲಿ ಉಳಿದಿರುವುದು ಇದೊಂದೇ ಎನ್ನುವಷ್ಟು ವಿರಳ.

ವೆನ್ಸೋನೆ ಕೋಟೆಗೋಡೆಯ ಒಳಗಿನ ಪುಟ್ಟ ಊರು. 1976ರ ಮೇ 6ರ ರಾತ್ರಿ ಫ್ರಿಯೂಲಿ ಪ್ರಾಂತ ಒಂದು ನಿಮಿಷದಷ್ಟು ಹೊತ್ತು ನಡುಗಿ, ಸುಮಾರು 990 ಮಂದಿ ಸತ್ತರು. ವೆನ್ಸೋನೆಯ ಹದಿನಾಲ್ಕನೆಯ ಶತಮಾನದ ದೊಡ್ಡ ಇಗರ್ಜಿ ಬಿರುಕು ಬಿಟ್ಟರೂ ನಿಂತಿತ್ತು. ಸೆಪ್ಟೆಂಬರಿನಲ್ಲಿ ಮತ್ತೆ ನಡುಕ ಬಂದಾಗ ಕುಸಿಯಿತು. ಕಲ್ಲುಗಳನ್ನು ಗುಡಿಸಿ ಎಸೆಯಬಹುದಿತ್ತು. ಅದರ ಬದಲು ಸಾವಿರಾರು ಕಲ್ಲುಗಳನ್ನು ಬಯಲಿನಲ್ಲಿ ಹರಡಿ, ಹಳೆಯ ಚಿತ್ರಗಳ ನೆರವಿನಿಂದ ಒಂದೊಂದರ ಸ್ಥಾನವನ್ನೂ ಗುರುತಿಸಿ, ಇದ್ದಲ್ಲಿಯೇ ಇದ್ದಂತೆಯೇ ಮರಳಿ ಕಟ್ಟಿದರು. ಫ್ರಿಯೂಲಿಯ ಜನ ಮೊದಲು ದುಡಿಮೆಯ ತಾಣ, ಆಮೇಲೆ ಮನೆ, ಕೊನೆಗೆ ಇಗರ್ಜಿ ಎಂಬ ಕ್ರಮವನ್ನು ಹಿಡಿದುದರಿಂದ ದೇವರ ಸರದಿ ತಡವಾಗಿ ಬಂತು; ಇಗರ್ಜಿ ಮತ್ತೆ ತೆರೆದುದು 1995ರಲ್ಲಿ. ಇನ್ನೊಂದು ಇಗರ್ಜಿಯನ್ನು ಮಾತ್ರ ಬೇಕೆಂದೇ ಪಾಳಾಗಿ ಬಿಟ್ಟಿದ್ದಾರೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಇಣುಕಿದರೆ ಮೇಲೆ ಬರೀ ಆಕಾಶ.

ಮುಂದೆ ಕಡಲಿಗೆ ಹೋಗುವವರು ಹೋಗುತ್ತಾರೆ. ರಜೆ ತೀರಿದವರು ಸಮೀಪದ ಕಾರ್ನಿಯ ನಿಲ್ದಾಣದಲ್ಲಿ ಸೈಕಲ್ ಸಮೇತ ರೈಲು ಹತ್ತಿ ತಾರ್ವೀಸಿಯೊಗೆ ಮರಳುತ್ತಾರೆ. ಸೈಕಲ್ಲುಗಳಿಗೆಂದೇ ಜಾಗವುಳ್ಳ ಬಂಡಿ 2012ರಿಂದ ಆಸ್ಟ್ರಿಯದ ಫಿಲಾಖ್‌ವರೆಗೂ ಓಡತೊಡಗಿತು. ಹಗಲೆಲ್ಲ ಇಳಿದ ದಾರಿಯನ್ನು ಅದು ಒಂದು ಗಂಟೆಯೊಳಗೆ ಏರಿಬಿಡುತ್ತದೆ. ಕಿಟಕಿಯ ಬಳಿ ಕುಳಿತವರಿಗೆ ಹೊಳೆಯ ಹೊಳಪು ಕ್ಷಣಕಾಲ ಕಂಡು ಮಾಯವಾಗುತ್ತದೆ; ಉಳಿದುದೆಲ್ಲ ಸುರಂಗದ ಕತ್ತಲು. ದೊನ್ಯ, ಕ್ಯೂಸಫೋರ್ತೆ, ಆ ಜಗಲಿಯ ಮೇಜುಗಳು, ಎಲ್ಲವೂ ಆ ಗೋಡೆಯ ಆಚೆ ಎಲ್ಲಿಯೋ ಹಿಂದಕ್ಕೆ ಸರಿಯುತ್ತಿರುತ್ತವೆ.