ಮಂಜೇಶ್ವರಕ್ಕೆ ಮೂರು ಟಿಕೆಟ್

ಈ ಸಲದ ರಜೆಯಲ್ಲಿ ಏನು ಮಾಡಿದಿರಿ ಎಂದು ನಮ್ಮನ್ನು ಕೇಳಿದರೆ ದೊಡ್ಡ ಉತ್ತರವೇನೂ ಇಲ್ಲ. ನಾವು ಅಕ್ಕತಂಗಿಯರಿಬ್ಬರು, ಏಳನೇ ತರಗತಿ ಮುಗಿಸಿದ ತಮ್ಮನೊಬ್ಬ. ಬೆಳಿಗ್ಗೆ ಅಮ್ಮನಿಗೆ ಸಹಾಯ, ಮಧ್ಯಾಹ್ನ ಮೊಬೈಲಿನಲ್ಲಿ ಮಲಯಾಳ ಸಿನಿಮಾ, ಸಂಜೆ ತಮ್ಮನಿಗೆ ಫುಟ್‌ಬಾಲ್, ನಮಗೆ ಗಾಯನ ತಂಡದ ಅಭ್ಯಾಸ. ರಾತ್ರಿ ಜಪಸರ, ಊಟ. ಅದಾದ ಮೇಲೆ ಓದು. ಈ ಓದೇ ನಮ್ಮನ್ನು ಒಂದು ದಿನ ಮಂಜೇಶ್ವರಕ್ಕೆ ಕರೆದುಕೊಂಡು ಹೋಯಿತು. ಆ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬೇಳದ ಕಡೆ. ಮನೆಯಲ್ಲಿ ಮೂವರ ರುಚಿ ಮೂರು ತೆರ. ತಮ್ಮ ಬಷೀರರ ‘ಪಾತುಮ್ಮಳ ಆಡು’ ಕಥೆಯನ್ನು ಮಲಯಾಳದಲ್ಲೇ ಓದುತ್ತಾನೆ. ಆಡು ಲೇಖಕರ ಪುಸ್ತಕವನ್ನೇ ತಿಂದುಬಿಡುವಲ್ಲಿಗೆ ಬಂದಾಗ ಅವನ ನಗು ಅಂಗಳದವರೆಗೆ ಕೇಳುತ್ತದೆ! ನಮ್ಮಲ್ಲಿ ಕಿರಿಯಳು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮುಗಿಸಿ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಹಿರಿಯಳ ಕೈಯಲ್ಲಿ ಇದ್ದದ್ದು ಎಂ. ಗೋವಿಂದ ಪೈಗಳ ‘ಗೊಲ್ಗೊಥಾ’. ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತ ಖಂಡಕಾವ್ಯ ಅದು.

ನಿಜ ಹೇಳಬೇಕಲ್ಲ, ಈ ಪುಸ್ತಕ ನಮ್ಮ ಮನೆಯದಲ್ಲ. ನೆರೆಮನೆಯ ನಿವೃತ್ತ ಮಾಸ್ಟ್ರು ತಪಸ್ಸುಕಾಲದ ಆರಂಭದಲ್ಲಿ ಕೊಟ್ಟದ್ದು. “ನಿಮ್ಮ ಸ್ವಾಮಿಯ ಕಥೆ ಮಕ್ಕಳೇ, ನಮ್ಮ ಮಂಜೇಶ್ವರದವರೇ ಬರೆದದ್ದು. ನೀವು ಓದದಿದ್ದರೆ ಮತ್ತೆ ಯಾರು ಓದುವುದು?” ಎಂದರು. ಪ್ರತಿ ಶುಕ್ರವಾರ ಶಿಲುಬೆಯ ಹಾದಿಗೆ ಹೋಗುವ ನಮಗೆ ಹದಿನಾಲ್ಕು ಸ್ಥಳಗಳೂ ಬಾಯಿಪಾಠ. ಆದರೂ ಈ ಕಾವ್ಯದ ಮುಂದೆ ಸೋತೆವು. ಕಥೆ ಗೊತ್ತು, ಮಾತು ಗೊತ್ತಿಲ್ಲ! ಸಾಲಿಗೊಂದು ಹಳಗನ್ನಡದ ಶಬ್ದ. ಎರಡು ಪುಟ ದಾಟುವಷ್ಟರಲ್ಲಿ ಶುಭ ಶುಕ್ರವಾರವೂ ದಾಟಿತು. ಪುಸ್ತಕ ಹಿಂದಿರುಗಿಸಲು ಹೋದರೆ ಮಾಸ್ಟ್ರು ತೆಗೆದುಕೊಳ್ಳಲಿಲ್ಲ. “ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ. ಅರ್ಥ ಆಮೇಲೆ ಬರುತ್ತದೆ. ಆಗದಿದ್ದರೆ ಒಮ್ಮೆ ಅವರ ಮನೆಗಾದರೂ ಹೋಗಿ ಬನ್ನಿ” ಎಂದರು.

ಅದೇ ವಾರ ಮನೆಯಲ್ಲಿ ಇನ್ನೊಂದು ವಿಷಯ ಎದ್ದಿತ್ತು. ತಮ್ಮ ಎಂಟನೇ ತರಗತಿಗೆ ಬೇರೆ ಶಾಲೆಗೆ ಸೇರಬೇಕು. ನಾವಿಬ್ಬರೂ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದೆಂದು ಅಪ್ಪ ತೀರ್ಮಾನಿಸಿದ್ದರು. ಅದಕ್ಕೆ ನಮ್ಮ ತಕರಾರೂ ಇರಲಿಲ್ಲ. ಆದರೆ ಫಾರ್ಮಿನಲ್ಲಿ ಪ್ರಥಮ ಭಾಷೆ ಯಾವುದೆಂದು ಬರೆಯುವ ಜಾಗ ಖಾಲಿ ಉಳಿದಿತ್ತು. “ಇರುವುದು ಕೇರಳದಲ್ಲಿ. ನಾಳೆ ಕೆಲಸಕ್ಕೆ ಹೋದಲ್ಲಿ ಕನ್ನಡ ಕೇಳುವವರು ಯಾರು?” ಎಂಬುದು ಅಪ್ಪನ ಪ್ರಶ್ನೆ. ತಮ್ಮನ ಗೆಳೆಯರೆಲ್ಲ ಮಲಯಾಳ ಎಂದು ಬರೆದಾಗಿತ್ತು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಫಾರ್ಮು ಅಲ್ತಾರಿನ ಕೆಳಗಿನ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು.

ಒಂದು ಶನಿವಾರ ಮೂವರೂ ಹೊರಟೆವು. ಬಸ್ಸಿನಲ್ಲಿ ಸೀತಾಂಗೋಳಿ ದಾಟಿ ಕುಂಬಳೆಗೆ, ಅಲ್ಲಿಂದ ರೈಲು. ಕುಂಬಳೆ ಬಿಟ್ಟರೆ ಶಿರಿಯ ಹೊಳೆ, ಆಮೇಲೆ ಉಪ್ಪಳ, ಮತ್ತೆ ಮಂಜೇಶ್ವರ. ತೆಂಗಿನ ತೋಟಗಳ ಸಂದಿನಲ್ಲಿ ಆಗಾಗ ಸಮುದ್ರದ ಒಂದು ತುಂಡು ಕಾಣಿಸಿ ಮರೆಯಾಗುತ್ತದೆ. ನಮ್ಮ ಎದುರಿನ ಸೀಟಿನಲ್ಲಿ ಇಬ್ಬರು ಹೆಂಗಸರು ತುಳುವಿನಲ್ಲಿ ಮಾತಾಡುತ್ತಿದ್ದರು. ಪಕ್ಕದಲ್ಲಿದ್ದ ಹುಡುಗ ಫೋನಿನಲ್ಲಿ ಮಲಯಾಳದಲ್ಲಿ ಜಗಳವಾಡುತ್ತಿದ್ದ. ನಾವು ಕೊಂಕಣಿಯಲ್ಲಿ ತಮ್ಮನನ್ನು ಕಿಟಕಿಯಿಂದ ಕೈ ಒಳಗೆ ತೆಗೆಯಲು ಗದರಿಸುತ್ತಿದ್ದೆವು. ಕೊನೆಗೆ ಆ ಹೆಂಗಸರಲ್ಲಿ ಹಿರಿಯವರು ನಮ್ಮ ಕಡೆ ತಿರುಗಿ ಕನ್ನಡದಲ್ಲಿ, “ಎಲ್ಲಿಗೆ ಮಕ್ಕಳೇ?” ಎಂದರು. ಆಗ ಅದೊಂದು ವಿಶೇಷವೆಂದು ನಮಗೆ ಅನ್ನಿಸಲಿಲ್ಲ.

ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ‘ಗಿಳಿವಿಂಡು’ ತಲುಪಿದೆವು. ‘ಗಿಳಿವಿಂಡು’ ಗೋವಿಂದ ಪೈಗಳ ಕವನ ಸಂಕಲನದ ಹೆಸರು. ಅವರ ಮನೆಯಿರುವ ಸ್ಮಾರಕಕ್ಕೂ ಅದೇ ಹೆಸರು. ಹಂಚಿನ ಮಾಡಿನ ಹಳೆಯ ಮನೆ. ಹೊರಗೆ ಸುಡುವ ಬಿಸಿಲು. ಒಳಗೆ ಕಾಲಿಟ್ಟರೆ ನೆಲ ತಂಪು. ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ಇದೇ ಮಂಜೇಶ್ವರದಲ್ಲಿ. ಮನೆಮಾತು ಕೊಂಕಣಿ. ಅವರ ಕೊಂಕಣಿಗೂ ನಮ್ಮ ಕೊಂಕಣಿಗೂ ರಾಗ ಬೇರೆ, ಅಷ್ಟೆ. ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಪ್ರಾಸದ ಕಟ್ಟನ್ನು ಅವರು 1911ರಲ್ಲೇ ಬಿಟ್ಟು ಬರೆದರು. 1949ರಲ್ಲಿ ಅಂದಿನ ಮದ್ರಾಸ್ ಸರಕಾರ ಅವರಿಗೆ ‘ರಾಷ್ಟ್ರಕವಿ’ ಎಂಬ ಗೌರವ ನೀಡಿತು. ಕನ್ನಡದಲ್ಲಿ ಆ ಗೌರವ ಪಡೆದ ಮೊದಲಿಗರು ಅವರೇ. ಯೇಸುವಿನ ಕೊನೆಯ ದಿನವನ್ನು ಬರೆದ ಅದೇ ಲೇಖನಿ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನೂ ಬರೆಯಿತು.

ತಮ್ಮ ಎಲ್ಲವನ್ನೂ ನೋಡಿ, “ಅವರ ಪುಸ್ತಕಗಳೆಲ್ಲ ಎಲ್ಲಿ?” ಎಂದು ಕೇಳಿದ. ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೇ ಇದೆ ಎಂದು ತಿಳಿಸಿದೆವು. “ಅವರು ಕೇರಳದವರಾ, ಕರ್ನಾಟಕದವರಾ?” ಎಂಬುದು ಅವನ ಮುಂದಿನ ಪ್ರಶ್ನೆ. ಇದಕ್ಕೆ ತುಸು ಯೋಚಿಸಬೇಕಾಯಿತು. ಅವರ ಬಾಳಿನ ಬಹುಕಾಲ ಮಂಜೇಶ್ವರ ಮದ್ರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅವರು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು. “ಅಂದರೆ ಅವರ ಊರು ಅಲ್ಲೇ ಇತ್ತು, ರಾಜ್ಯ ಮಾತ್ರ ಬದಲಾಯಿತು!” ಎಂದ ತಮ್ಮ. ನಾವು ಅದಕ್ಕಿಂತ ಚೆನ್ನಾಗಿ ಹೇಳಲಾರೆವು.

ಹೊರಗೆ ಬಂದು ನೆರಳಿನಲ್ಲಿ ಕುಳಿತು ‘ಗೊಲ್ಗೊಥಾ’ ಬಿಚ್ಚಿದೆವು. ಮಾಸ್ಟ್ರು ಹೇಳಿದಂತೆ ಗಟ್ಟಿಯಾಗಿ ಓದಿದೆವು. ಮೊದಮೊದಲು ನಾಚಿಕೆ, ದಾರಿಯವರು ನೋಡುತ್ತಾರೆಂದು. ಹತ್ತು ಸಾಲು ಕಳೆಯುವಾಗ ನಾಲಿಗೆ ಹದಕ್ಕೆ ಬಂತು. ಎಲ್ಲ ಅರ್ಥವಾಯಿತೆಂದರೆ ಸುಳ್ಳಾದೀತು. ಆದರೆ ಇಗರ್ಜಿಯಲ್ಲಿ ಚಿಕ್ಕಂದಿನಿಂದ ಕೇಳಿ ಕೇಳಿ ಸವೆದುಹೋದ ಆ ದಿನದ ನೋವು ಅಪರಿಚಿತ ಶಬ್ದಗಳಲ್ಲಿ ಹೊಸದಾಗಿ ತಾಕಿತು. ಬೇರೆ ಧರ್ಮದ ಮನೆಯಲ್ಲಿ ಹುಟ್ಟಿದ ಒಬ್ಬರು ನಮ್ಮ ಪ್ರಭುವಿನ ಜತೆ ಅಷ್ಟು ದೂರ ನಡೆದಿದ್ದರು. ಬಸ್ಸು ರೈಲಿನ ಒಂದೆರಡು ಗಂಟೆಯ ದಾರಿಯಲ್ಲಿದ್ದ ನಾವು ಇಷ್ಟು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಲೆಕ್ಕ ಹಾಕುತ್ತ ಕುಳಿತೆವು. ಗೋವಿಂದ ಪೈಗಳ ಮನೆಯಲ್ಲಿ ಕೊಂಕಣಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ. ನಮ್ಮ ಬದಿಯಡ್ಕ ಕಡೆಯವರೇ ಆಗಿ ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಪುಸ್ತಕ ಕೊಟ್ಟ ಮಾಸ್ಟ್ರ ಮನೆಯಲ್ಲಿ ಹವ್ಯಕ ಕನ್ನಡ, ಅದು ಬೇರೆಯೇ ಒಂದು ಲೋಕ! ಹಾಗಾದರೆ ಪುಸ್ತಕದ ಈ ಕನ್ನಡ ಯಾರದು? ಬೆಳಿಗ್ಗೆ ರೈಲಿನಲ್ಲಿ “ಎಲ್ಲಿಗೆ ಮಕ್ಕಳೇ?” ಎಂದ ಆ ಅಮ್ಮನ ನೆನಪಾಯಿತು. ನಮ್ಮ ಕಡೆ ಕನ್ನಡ ಎಂದರೆ ಎಲ್ಲ ಮನೆಗಳ ನಡುವಿನ ಅಂಗಳ. ಒಳಗೆ ಅವರವರ ಮಾತು. ಅಂಗಳಕ್ಕೆ ಇಳಿದರೆ ಕನ್ನಡ. ಅಂಗಳವನ್ನು ಯಾರೂ ಗುಡಿಸದಿದ್ದರೆ ಒಂದೆರಡು ಮಳೆಗಾಲದಲ್ಲಿ ಹುಲ್ಲು ಬೆಳೆದುಬಿಡುತ್ತದೆ.

ಮನೆಗೆ ಬಂದು ಅಪ್ಪನಿಗೆ ಇದನ್ನೆಲ್ಲ ಹೇಳಿದೆವು. ಅಪ್ಪ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಕೆಲಸದ ಪ್ರಶ್ನೆಗೆ ನಮ್ಮ ಬಳಿ ಆಗಲೂ ಉತ್ತರವಿರಲಿಲ್ಲ ನೋಡಿ. ಆ ರಾತ್ರಿ ಜಪಸರ ಮುಗಿದ ಮೇಲೆ ಅಜ್ಜಿ ಎಂದಿನಂತೆ ತಮ್ಮ ಹಳೆಯ ಪ್ರಾರ್ಥನೆ ಪುಸ್ತಕವನ್ನು ತಮ್ಮನ ಕೈಗೆ ಕೊಟ್ಟರು. ಅವರ ಕಣ್ಣಿಗೆ ಈಗ ದೀಪದ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ. ಪ್ರಾರ್ಥನೆ ಕೊಂಕಣಿಯದು, ಲಿಪಿ ಮಾತ್ರ ಕನ್ನಡ. ತಮ್ಮ ಬೆರಳಿಟ್ಟು ಓದಿದ. ಅಜ್ಜಿ ಕಣ್ಣು ಮುಚ್ಚಿ ಅವನ ಹಿಂದೆ ಹೇಳಿದರು. ಅಪ್ಪ ಮೊಣಕಾಲೂರಿದಲ್ಲಿಂದ ಏಳದೆ ಇಬ್ಬರನ್ನೂ ನೋಡುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಮೇಜಿನ ಮೇಲಿನ ಫಾರ್ಮಿನಲ್ಲಿ ಮಾಧ್ಯಮ ಇಂಗ್ಲಿಷ್ ಎಂದೇ ಇತ್ತು. ಪ್ರಥಮ ಭಾಷೆಯ ಜಾಗದಲ್ಲಿ ಅಪ್ಪನ ಅಕ್ಷರದಲ್ಲಿ ‘ಕನ್ನಡ’ ಎಂದು ಬರೆದಿತ್ತು. ತಮ್ಮ ಅದನ್ನು ಓದಿ, “ಹಾಗಾದರೆ ಬಷೀರ್?” ಎಂದು ಗಾಬರಿಯಿಂದ ಕೇಳಿದ. “ಅದನ್ನು ಯಾರು ಬೇಡವೆಂದರು? ಆಡು ಬಂದು ತಿನ್ನದ ಹಾಗೆ ನೋಡಿಕೋ” ಎಂದರು ಅಪ್ಪ.

‘ಗೊಲ್ಗೊಥಾ’ ಇನ್ನೂ ನಮ್ಮ ಮನೆಯಲ್ಲೇ ಇದೆ. ಮಾಸ್ಟ್ರಿಗೆ ಹೇಳಿ ಅವಧಿ ವಿಸ್ತರಿಸಿಕೊಂಡಿದ್ದೇವೆ. ದಿನಕ್ಕೆ ಒಂದೇ ಪುಟ, ಗಟ್ಟಿಯಾಗಿ. ಮುಂದಿನ ತಪಸ್ಸುಕಾಲದೊಳಗೆ ಮುಗಿಸುವ ಆಸೆ. ನಿಮ್ಮಲ್ಲಿ ಯಾರ ಮನೆಯ ಕಪಾಟಿನಲ್ಲಾದರೂ ಈ ಪುಸ್ತಕ ಧೂಳು ಹಿಡಿದು ಕುಳಿತಿದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಅರ್ಥವಾಗದ ಕಡೆ ನೆರೆಮನೆಯವರನ್ನು ಕೇಳಿ. ನಾವೂ ಹಾಗೆಯೇ ಮಾಡುತ್ತಿದ್ದೇವೆ.