ಮುತ್ಯಾ ಓಡಿಸಿದ ಕಲ್ಲಿದ್ದಲ ಗಾಡಿ

ನಮ್ಮ ಬಸವಕಲ್ಯಾಣ ಲಾರಿಗಳ ಊರು. ಸಸ್ತಾಪುರ ಬಂಗ್ಲಾದ ಹೆದ್ದಾರಿಯಲ್ಲಿ ನಿಂತರೆ ಹೈದರಾಬಾದಿಗೂ ಸೋಲಾಪುರಕ್ಕೂ ಹೋಗುವ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಊರಿಗೆ ಹಳೆಯ ಕೋಟೆ ಇದೆ, ತ್ರಿಪುರಾಂತ ಕೆರೆ ಇದೆ, 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಇದೆ. ಇಲ್ಲದ್ದು ರೈಲು ನಿಲ್ದಾಣ. ರೈಲು ನೋಡಬೇಕೆಂದರೆ ಹುಮನಾಬಾದಿಗೇ ಹೋಗಬೇಕು.

ದಸರಾ ರಜೆಗೆ ಬಂದ ನನ್ನ ಮೊಮ್ಮಗನ ತಲೆಯಲ್ಲಿ ಮಾತ್ರ ಬರೀ ರೈಲು. ಏಳನೆಯ ತರಗತಿಯ ಹುಡುಗ. ಲ್ಯಾಪ್‌ಟಾಪಿನಲ್ಲಿ ರೈಲು ಓಡಿಸುವ ಆಟ ಇಟ್ಟುಕೊಂಡಿದ್ದಾನೆ. ಎರಡು ಡೀಸೆಲ್ ಇಂಜಿನ್, ಹಿಂದೆ 58 ವ್ಯಾಗನ್, ಎಲ್ಲದರಲ್ಲೂ ಕಲ್ಲಿದ್ದಲು. ಗಣಿಯಲ್ಲಿ ತುಂಬಿಕೊಂಡು, ನಡುವೆ ಎಲ್ಲೂ ವ್ಯಾಗನ್ ಬಿಚ್ಚದೆ, ನೇರ ವಿದ್ಯುತ್ ಕೇಂದ್ರಕ್ಕೆ ಹೋಗಿ ಸುರಿದು, ಖಾಲಿಯಾಗಿ ಗಣಿಗೆ ಮರಳುವ ಗಾಡಿ.

“ಮುತ್ಯಾ, ನೀ ಒಮ್ಮೆ ನಡಸು” ಅಂದ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಮೊದಲು ಕಂಡದ್ದು ಲೆಕ್ಕ. ಒಂದು ವ್ಯಾಗನ್ನಿಗೆ 58 ಟನ್ ಎಂದರೆ ಗಾಡಿಗೆ 3,364 ಟನ್. ಇಪ್ಪತ್ತು ಟನ್ ಹೊರುವ ಲಾರಿಗಳಾದರೆ 169 ಬೇಕು! ವ್ಯಾಗನ್ನುಗಳ ತೂಕವೂ ಸೇರಿದರೆ 4,700 ಟನ್ ಆಗುತ್ತದೆ. ಉದ್ದ ಆರು ನೂರು ಮೀಟರಿಗೂ ಹೆಚ್ಚು.

ಹೊರಡಿಸುವುದು ಸುಲಭವೆನಿಸಿತು. ಥ್ರಾಟಲ್‌ನಲ್ಲಿ ಎಂಟು ಹಂತ. ಒಂದೊಂದೇ ಏರಿಸಿದೆ, ಗಾಡಿ ನಿಧಾನವಾಗಿ ಕದಲಿತು. ದೂರದಲ್ಲಿ ಕೆಂಪು ಸಿಗ್ನಲ್ ಕಂಡಾಗ ಬ್ರೇಕ್ ಹಾಕಿದೆ. ಗಾಡಿ ನಿಲ್ಲಲಿಲ್ಲ. ಗಾಬರಿಯಾಗಿ ಬ್ರೇಕ್ ಬಿಟ್ಟೆ, ಮತ್ತೆ ಹಾಕಿದೆ, ಮತ್ತೆ ಬಿಟ್ಟೆ. ಸಿಗ್ನಲ್ ನಮ್ಮನ್ನು ದಾಟಿ ಹಿಂದೆ ಹೋಯಿತು.

“ಮುತ್ಯಾ, ಆಟ ಖತಂ!” ಎಂದು ಹುಡುಗ ನಕ್ಕ. ಆಮೇಲೆ ನನಗೇ ಪಾಠ ಹೇಳಿದ. ಇಂಜಿನ್ನಿನಿಂದ ಕೊನೆಯ ವ್ಯಾಗನ್‌ವರೆಗೆ ಗಾಳಿ ತುಂಬಿದ ಕೊಳವೆ ಇರುತ್ತದೆ. ಅದರ ಒತ್ತಡ ಇಳಿಸಿದರೆ ಬ್ರೇಕ್ ಬೀಳುತ್ತದೆ. ಗಾಡಿ ನಡುವೆ ತುಂಡಾದರೂ ಕೊಳವೆ ಬಿಚ್ಚಿ, ಗಾಳಿ ಹೋಗಿ, ತಾನಾಗಿ ಬ್ರೇಕ್ ಬೀಳುತ್ತದೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಮಾಡಿದ ಉಪಾಯ ಇದು. ಆದರೆ ಇಳಿದ ಗಾಳಿ ಮತ್ತೆ ತುಂಬಲು ಹೊತ್ತು ಬೇಕು. ಮೇಲಿಂದ ಮೇಲೆ ಬ್ರೇಕ್ ಹಾಕಿ ಬಿಟ್ಟರೆ ಗಾಳಿಯೇ ಸಾಲದು. ಜಮಾ ಮಾಡದೆ ತೆಗೆಯುತ್ತಲೇ ಇದ್ದರೆ ಖಾತೆ ಬರಿದಾಗುವ ಹಾಗೆ. ಇದು ನನಗೆ ಬೇಗ ತಿಳಿಯಿತು.

“ಇಷ್ಟು ಕಲ್ಲಿದ್ದಲು ಯಾರಿಗೆ ಬೇಕು?” ಎಂದು ಕೇಳಿದ. ರಾಯಚೂರಿನ ಶಕ್ತಿನಗರದ ಹೆಸರು ಹೇಳಿದೆ. ಕೃಷ್ಣಾ ದಂಡೆಯ ಆ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿಯಂಥ ಕಡೆಯಿಂದ ರೈಲಿನಲ್ಲೇ ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಹಿಡಿದರೆ, 210 ಮೆಗಾವ್ಯಾಟಿನ ಒಂದೇ ಘಟಕ ದಿನವಿಡೀ ಪೂರ್ತಿ ಓಡಲು 3,528 ಟನ್ ಬೇಕು. ಅಂದರೆ ದಿನಕ್ಕೊಂದು ಗಾಡಿ. ಲೆಕ್ಕ ಮುಗಿದೊಡನೆ ಹುಡುಗ ಎದ್ದು ಹೋಗಿ ಖಾಲಿ ಕೋಣೆಯ ಫ್ಯಾನ್ ಆರಿಸಿ ಬಂದ.

ಮರುದಿನ ನಿಜವಾದ ಹಳಿ ನೋಡಲು ಬಸ್ಸು ಹಿಡಿದು ಹೊರಟೆವು. ದಾರಿಯಲ್ಲಿ ರಾಜೇಶ್ವರ, ಎರಡೂ ಕಡೆ ತೊಗರಿ ಹೊಲ. ಮೊದಲು ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ದರ್ಶನ ಮಾಡಿ ಹುಮನಾಬಾದ್ ನಿಲ್ದಾಣಕ್ಕೆ ಬಂದೆವು. ಬೀದರ್–ಕಲಬುರಗಿ ಮಾರ್ಗ ಸುಮಾರು 110 ಕಿಲೋಮೀಟರ್. ಜನ ವರ್ಷಗಟ್ಟಲೆ ಕಾದ ಈ ಮಾರ್ಗವನ್ನು ಪ್ರಧಾನಿ ನರೇಂದ್ರ ಮೋದಿಯವರು 2017ರ ಅಕ್ಟೋಬರ್ 29ರಂದು ಬೀದರಿನಲ್ಲಿ ಉದ್ಘಾಟಿಸಿದರು. ನಾನು ಚಿಕ್ಕವನಿದ್ದಾಗ ಹುಮನಾಬಾದಿನಲ್ಲಿ ರೈಲು ಎಂದರೆ ಕಥೆ.

ಪ್ಲಾಟ್‌ಫಾರಂ ಖಾಲಿ ಇತ್ತು. ಹಳಿಯ ಮೇಲೆ ಎರಡೂ ದಿಕ್ಕಿಗೆ ಏನೂ ಕಾಣಲಿಲ್ಲ. “ಆ ಕಡೆಯಿಂದ ಚೆನ್ನಾಗಿ ಕಾಣ್ತದ, ಬಾ” ಎಂದು ನಾನು ಹಳಿಗೆ ಇಳಿಯಲು ಒಂದು ಕಾಲು ಮುಂದಿಟ್ಟೆ.

ಹುಡುಗ ನನ್ನ ಅಂಗಿ ಹಿಡಿದು ಜಗ್ಗಿದ. “ಬ್ಯಾಡ ಮುತ್ಯಾ! ನಿನ್ನೆ ನೀನೇ ಬ್ರೇಕ್ ಹಾಕಿದ್ದಿ. ನಿಂತಿತ್ತೇನು ಗಾಡಿ?”

ನನ್ನ ಬಾಯಿ ಕಟ್ಟಿತು. ಈ ಮೊಣಕಾಲು ಇಟ್ಟುಕೊಂಡು ಹಳಿಯ ನಡುವೆ ಎಡವಿದ್ದರೆ? ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯಲ್ಲಿ ಅಪರಾಧವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾಲು ಮುಂದಿಟ್ಟಿದ್ದೆ. ಚಾಲಕ ನನ್ನನ್ನು ನೋಡಿದರೂ, ಬ್ರೇಕ್ ಹಾಕಿದರೂ, ಸಾವಿರಾರು ಟನ್ನಿನ ಗಾಡಿ ಅಲ್ಲೇ ನಿಲ್ಲದು. ಆಮೇಲೆ ಜೀವನವಿಡೀ ಆ ನೆನಪು ಹೊರಬೇಕಾದವನೂ ಅವನೇ. ಆಟದಲ್ಲಾದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು.

ಇಬ್ಬರೂ ಬೆಂಚಿನ ಮೇಲೆ ಕೂತು, ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಕಲ್ಲಿದ್ದಲ ಗಾಡಿ ಅಂದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಪ್ರಯಾಣಿಕರ ಗಾಡಿಯೊಂದು ಬಂತು. ಹುಡುಗ ಡಬ್ಬಿ ಎಣಿಸಲಿಲ್ಲ, ಕೈ ಬೀಸಲಿಲ್ಲ. ಚಾಲಕ ಎಷ್ಟು ದೂರದಿಂದ ವೇಗ ಇಳಿಸುತ್ತ ಬಂದ ಎಂಬುದನ್ನೇ ನೋಡುತ್ತಿದ್ದ.

ಅಂದು ರಾತ್ರಿ ನಾನು ಮತ್ತೆ ಗಾಡಿ ನಡೆಸಿದೆ. ಸಿಗ್ನಲ್ ಹಳದಿ ಇದ್ದಾಗಲೇ ವೇಗ ಇಳಿಸಿದೆ, ಬ್ರೇಕನ್ನು ಒಂದೇ ಸಲ, ಸಾವಕಾಶವಾಗಿ ಹಾಕಿದೆ. ಕೆಂಪು ದೀಪಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗಲೇ 58 ವ್ಯಾಗನ್ನುಗಳೂ ನಿಂತವು.

“ಈಗ ಪಾಸಾದಿ ಮುತ್ಯಾ” ಅಂದ ಹುಡುಗ.