ಅಕ್ಕನ ಐದು ನಿಮಿಷ

ನಮ್ಮ ಆಫೀಸಿನಲ್ಲಿ ತಿಂಗಳಿಗೊಮ್ಮೆ ‘ಲೈಟ್ನಿಂಗ್ ಟಾಕ್’ ಇರುತ್ತೆ. ಒಬ್ಬೊಬ್ಬರಿಗೆ ಐದೇ ನಿಮಿಷ. ಹೊಸದಾಗಿ ಕಲಿತ ಒಂದು ವಿಷಯವನ್ನೋ, ಕೈಕೊಟ್ಟ ಒಂದು ಕೋಡನ್ನೋ ಹೇಳಿ ಕೂತುಬಿಡಬೇಕು. ಇದನ್ನು ಅಕ್ಕನಿಗೆ ಹೇಳಿದರೆ, “ನಿಮ್ಮದೇ ವಾಸಿ ಕಣೋ. ನಮ್ಮಲ್ಲಿ ಪಕ್ಕದ ಕ್ಲಾಸಲ್ಲಿ ಹೇಗೆ ಪಾಠ ಮಾಡ್ತಾರೆ ಅಂತಾನೂ ಗೊತ್ತಾಗಲ್ಲ” ಅಂದಳು.

ಅಕ್ಕ ರಾಮನಗರದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂಟು ವರ್ಷವಾಯ್ತು. ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು ಬರುತ್ತೋ ಇಲ್ಲವೋ ಅಂತ ಕಾಯಬೇಕು. ನಮ್ಮ ಕೆಲಸದಲ್ಲಿ ಒಬ್ಬರು ಬಿಟ್ಟು ಹೋದರೂ ಅವರು ಬರೆದ ಕೋಡ್ ಉಳಿಯುತ್ತೆ. ಅಕ್ಕನ ಹೆಸರು ಬರದೇ ಹೋದರೆ, ಯಾವ ಪಾಠವನ್ನು ಹೇಗೆ ಹೇಳಿದರೆ ಹುಡುಗರಿಗೆ ಹತ್ತುತ್ತೆ ಅನ್ನೋ ಎಂಟು ವರ್ಷದ ತಿಳಿವಳಿಕೆಯೂ ಅವಳ ಜೊತೆಗೇ ಮನೆಗೆ ಬರುತ್ತೆ.

ಹಾಗಾಗಿ ಒಂದು ಭಾನುವಾರ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಅವಳ ಸ್ನೇಹಿತರು ನಮ್ಮನೆ ಮಹಡಿ ಮೇಲೆ ಸೇರಿದರು. ಎಲ್ಲರೂ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಹೇಳಿಕೊಡುವವರು. ತಲಾ ಐದು ನಿಮಿಷ, ಒಂದೇ ಒಂದು ಕ್ಲಾಸಿನ ಅನುಭವ, ಪಿಪಿಟಿ ಇಲ್ಲ. ಮೊಬೈಲಲ್ಲಿ ಟೈಮರ್ ಇಡೋದು, ಕಾಫಿ ಕೊಡೋದು ನನ್ನ ಕೆಲಸ.

ಅಕ್ಕ ಶುರು ಮಾಡಿದ್ದು ರೇಷ್ಮೆ ಹುಳುವಿನಿಂದ. ಪುಸ್ತಕದಲ್ಲಿ ‘ಮೋಲ್ಟಿಂಗ್’ ಅಂತಿರುತ್ತೆ, ಹುಡುಗರು ಬಾಯಿಪಾಠ ಮಾಡ್ತಾರೆ. ಆದರೆ ಹುಳು ಸಾಕುವ ಮನೆಯ ಮಕ್ಕಳಿಗೆ ಅದು ‘ಜ್ವರ’. ಹುಳು ಗೂಡು ಕಟ್ಟೋಕೆ ಮುಂಚೆ ನಾಲ್ಕು ಜ್ವರ ದಾಟುತ್ತೆ ಅಂತ ಅವರಿಗೆ ಚಿಕ್ಕಂದಿನಿಂದ ಗೊತ್ತು. ಅಕ್ಕ ಮೊದಲು ಅವರ ಬಾಯಲ್ಲೇ ಅದನ್ನು ಹೇಳಿಸಿ, ಆಮೇಲೆ ಹಾರ್ಮೋನಿಗೆ ಬರ್ತಾಳೆ. ಈ ಜ್ವರ ತರಿಸುವ ಎಕ್ಡೈಸೋನನ್ನು 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಮೊದಲ ಸಲ ಬೇರ್ಪಡಿಸಿದರು. 500 ಕೆ.ಜಿ. ರೇಷ್ಮೆ ಪ್ಯೂಪಾದಿಂದ ಸಿಕ್ಕಿದ್ದು 25 ಮಿಲಿಗ್ರಾಂ! ನೂಲು ಬಿಚ್ಚುವ ಕಡೆ ನಾವು ಮೂಗು ಮುಚ್ಚಿಕೊಂಡು ದಾಟಿಹೋಗ್ತೀವಲ್ಲ, ಅದೇ ಪ್ಯೂಪಾ.

ಚನ್ನಪಟ್ಟಣದ ಮೇಡಂ ಬ್ಯಾಗಿಂದ ಒಂದು ಬುಗುರಿ ತೆಗೆದರು. ಮರ ಹಾಲೆ ಮರದ್ದು. ಎಲೆ ಕಿತ್ತರೆ ಹಾಲು ಬರುತ್ತೆ, ಅದಕ್ಕೇ ಆ ಹೆಸರು. ಮೇಲಿನ ಬಣ್ಣದ ಅರಗು ಒಂದು ಕೀಟ ಸುರಿಸಿದ್ದು. ಒಂದು ಆಟಿಕೆ ಹಿಡಿದು ಅವರು ಸಸ್ಯವನ್ನೂ ಕೀಟವನ್ನೂ ಒಟ್ಟಿಗೆ ಪಾಠ ಮಾಡ್ತಾರಂತೆ.

ನನಗೆ ತುಂಬಾ ಹಿಡಿಸಿದ್ದು ಮಾಗಡಿ ಕಡೆಯ ಸರ್ ಮಾತು. ಪ್ರಾಣಿಗಳ ಡಿಸೆಕ್ಷನ್ ಕಡಿಮೆ ಮಾಡಿ ಅಂತ ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟು, 2014ರಲ್ಲಿ ಪೂರ್ತಿ ನಿಲ್ಲಿಸಿತಲ್ಲ, ಆಮೇಲೆ ಅವರು ಕಪ್ಪೆಯ ವಿಡಿಯೊ ಹಾಕಿದರಂತೆ. “ಹುಡುಗರು ಸಿನಿಮಾ ನೋಡಿದಂಗೆ ನೋಡಿದ್ರು. ಟೆಸ್ಟಲ್ಲಿ ಹೃದಯ ಎಲ್ಲಿದೆ ಅಂದ್ರೆ ಅರ್ಧ ಜನಕ್ಕೆ ಗೊತ್ತಿಲ್ಲ” ಅಂದರು. ಈಗ ಮೊದಲು ಊಹಿಸಿ ಚಿತ್ರ ಬರೆಸ್ತಾರೆ, ಆಮೇಲೆ ವಿಡಿಯೊ ಹಾಕ್ತಾರೆ. ತಮ್ಮ ಚಿತ್ರದಲ್ಲಿ ಏನು ತಪ್ಪಿದೆ ಅಂತ ಹುಡುಗರೇ ಹುಡುಕ್ತಾರೆ. ಟೈಮರ್ ಹೊಡೆದುಕೊಂಡರೂ ಅವತ್ತು ಯಾರೂ ಅವರನ್ನು ನಿಲ್ಲಿಸಲಿಲ್ಲ. ಎಲ್ಲರಿಗೂ ಅದೇ ತೊಂದರೆ ಇತ್ತು, ಆದರೆ ಅದುವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಾಡು ಸುತ್ತಿಸಿ ಗಿಡ ಪರಿಚಯಿಸಿದ್ದನ್ನು ‘ಹಸುರು ಹೊನ್ನು’ ಬರೆದು ನಮಗೆಲ್ಲ ದಾಟಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಎಲ್ಲ ಮೇಷ್ಟ್ರಿಗೂ ಪುಸ್ತಕ ಬರೆಯೋಕೆ ಆಗಲ್ಲ. ಐದು ನಿಮಿಷ ಮಾತಾಡೋಕೆ ಆಗುತ್ತೆ. ನಿಮ್ಮ ಮನೆಯಲ್ಲೂ ಪಾಠ ಹೇಳುವವರಿದ್ದರೆ, ಸಂಬಳ, ಸಿಲಬಸ್ ವಿಚಾರ ಬಿಟ್ಟು, ‘ಇವತ್ತು ಯಾವ ಪಾಠ ಹತ್ತಿತು?’ ಅಂತ ಒಂದು ಸಲ ಕೇಳಿನೋಡಿ.

ಮುಂದಿನ ವಾರ ಕನಕಪುರದ ಮೇಡಂ ಫೋನ್ ಮಾಡಿದ್ದರು. ಅವರೂ ‘ಜ್ವರ’ದಿಂದಲೇ ಪಾಠ ಶುರು ಮಾಡಿದರಂತೆ. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, “ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಮೇಡಂ, ಸುಣ್ಣ ಚೆಲ್ಲಬೇಕು” ಅಂತ ಇಡೀ ಕ್ಲಾಸಿಗೆ ವಿವರಿಸಿದಳಂತೆ.

ಈ ಸಲದ ಪಟ್ಟಿ ಇನ್ನೂ ಬಂದಿಲ್ಲ. ಅಕ್ಕ ಕಾಯ್ತಿದ್ದಾಳೆ. ಅವಳ ಒಂದು ಕ್ಲಾಸಂತೂ ಕನಕಪುರದಲ್ಲಿ ನಡೀತಿದೆ.